ಶಾಲೆಯ ಗಣಿತ ಬಿಟ್ಟು ವರ್ಷಗಳಾದವರು ಓದಬಹುದಾದ ಗಣಿತದ ಪುಸ್ತಕ ಹೇಳ್ತೀರಾ?

ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿ.ಕಾಂ., ಕೆಲಸವೂ ಲೆಕ್ಕಪತ್ರದ್ದೇ. ಆದರೆ ಅದು ಕೂಡು-ಕಳೆ ಲೆಕ್ಕ, ಅದನ್ನೂ ಈಗ ಕಂಪ್ಯೂಟರೇ ಮಾಡುತ್ತದೆ. ಗಣಿತ ಅಂತ ಮನಸಿಟ್ಟು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಅಷ್ಟೇ. ಆಗ ರೇಖಾಗಣಿತದ ಪ್ರಮೇಯ ಅಂದ್ರೆ ನನಗೆ ಪಂಚಪ್ರಾಣ. ಆಮೇಲೆ ಬಿಟ್ಟೇ ಹೋಯಿತು.

ಈಚೆಗೆ ಸೈಮನ್ ಸಿಂಗ್ ಅವರ 'ಫರ್ಮಾಸ್ ಲಾಸ್ಟ್ ಥಿಯರಂ' ಓದಿದೆ. ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. 1993ರ ಜೂನ್‌ನಲ್ಲಿ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಕೇಂಬ್ರಿಜ್‌ನಲ್ಲಿ ಆ ಪ್ರಮೇಯದ ಸಾಧನೆ (ಪ್ರೂಫ್) ಮುಗಿಯಿತು ಅಂತ ಹೇಳುವುದು, ಆಮೇಲೆ ಅದರಲ್ಲಿ ಒಂದು ದೋಷ ಸಿಗುವುದು, ಕಡೆಗೆ 1994ರ ಸೆಪ್ಟೆಂಬರಿನಲ್ಲಿ ಅದು ಸರಿಹೋಗುವುದು, ಇದೆಲ್ಲ ಓದುವಾಗ ನನಗೇ ಎದೆ ಢವಢವ. ಆದರೆ ಮುಗಿಸಿದ ಮೇಲೆ ನೋಡಿದರೆ ವೈಲ್ಸ್ ಎಷ್ಟು ಕಷ್ಟಪಟ್ಟರು ಅಂತ ಗೊತ್ತಾಯಿತೇ ಹೊರತು ಅವರು ಮಾಡಿದ್ದೇನು ಅಂತ ಗೊತ್ತಾಗಲಿಲ್ಲ. ಎಲಿಪ್ಟಿಕ್ ಕರ್ವ್, ಮಾಡ್ಯುಲರ್ ಫಾರ್ಮ್ ಅಂತ ಹೆಸರು ಬರುತ್ತವೆ, ಹೋಗುತ್ತವೆ. ಅದಕ್ಕೆ ಲೇಖಕರನ್ನು ದೂರುವುದಿಲ್ಲ, ಅಷ್ಟು ದೊಡ್ಡ ಗಣಿತವನ್ನು ಕಥೆಯ ನಡುವೆ ಹೇಗೆ ತುಂಬಿಸುತ್ತಾರೆ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪುಸ್ತಕದ ಕೊನೆಯ ಅನುಬಂಧ. 2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಆಗುವುದೇ ಇಲ್ಲ ಅನ್ನುವುದಕ್ಕೆ ಅಲ್ಲಿ ಸಾಧನೆ ಕೊಟ್ಟಿದ್ದಾರೆ. ಒಂದೊಂದೇ ಸಾಲು ಹಿಡಿದು ಹೋದೆ, ಎಲ್ಲೂ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಯಾರೋ ಹೇಳಿದ್ದಾರೆ ಅಂತ ನಂಬುವುದು ಬೇರೆ, ಇದು ಹೀಗೇ ಇರಬೇಕು ಅಂತ ಸ್ವತಃ ಕಾಣುವುದು ಬೇರೆ, ಅಲ್ವಾ? ಆ ಎರಡನೆಯದು ಸಿಗುವ ಪುಸ್ತಕ ಬೇಕು. ಹತ್ತನೆಯ ತರಗತಿಯ ಗಣಿತ ಸಾಕಾಗುವಂಥದ್ದು. ಕನ್ನಡದ್ದಾದರೆ ತುಂಬಾ ಒಳ್ಳೆಯದು, ಇಂಗ್ಲಿಷ್ ಆದರೂ ಅಡ್ಡಿಲ್ಲ. ಮಗಳು ಎಂಟನೆಯ ತರಗತಿ, ಅವಳಿಗೂ ಏನಾದರೂ ಹೇಳಿ.

ಒಂದು ವಿನಂತಿ. ಬೇಗ ಬೇಗ ಗುಣಾಕಾರ ಮಾಡುವ ಉಪಾಯದ ಪುಸ್ತಕ ಬೇಡ. ಅಂಗಡಿಯಲ್ಲಿ ಗಣಿತ ಅಂತ ಕೇಳಿದ ತಕ್ಷಣ ಅದನ್ನೇ ತೆಗೆದು ಕೊಡುತ್ತಾರೆ.

ಶಿರಸಿ ಮಾಸ್ತರು

ತಂಗೀ, ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನೀವು ಕೇಳುವಂಥ ಪುಸ್ತಕ ಇದೆ. ಜಿ.ಎಚ್. ಹಾರ್ಡಿ 1940ರಲ್ಲಿ ಬರೆದ 'ಎ ಮ್ಯಾಥಮೆಟೀಷಿಯನ್ಸ್ ಅಪಾಲಜಿ'. ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿಯೇ. ತೆಳ್ಳಗಿನ ಪುಸ್ತಕ. ಗಣಿತಜ್ಞ ಯಾಕೆ ಗಣಿತ ಮಾಡುತ್ತಾನೆ ಅಂತ ಹೇಳಲು ಅವರು ಎರಡು ಸಾಧನೆಗಳನ್ನು ಪೂರ್ತಿಯಾಗಿ ಮುಂದಿಡುತ್ತಾರೆ. ಒಂದು ನೀವು ಓದಿದ 2ರ ವರ್ಗಮೂಲದ್ದೇ. ಇನ್ನೊಂದು ಯೂಕ್ಲಿಡ್‌ನದು: ಅವಿಭಾಜ್ಯ ಸಂಖ್ಯೆಗಳಿಗೆ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ 2, 3, 5, 7ರಂಥವು) ಕೊನೆ ಇಲ್ಲ.

ಅದನ್ನು ಇಲ್ಲೇ ಬರೆಯುತ್ತೇನೆ. ಪೆನ್ಸಿಲ್ ತಗೊಳ್ಳಿ. ಅವಿಭಾಜ್ಯ ಸಂಖ್ಯೆಗಳು ಒಂದು ಕಡೆ ಮುಗಿದೇ ಹೋಗುತ್ತವೆ ಅಂತ ಯಾರೋ ವಾದ ಮಾಡಿದರು ಅನ್ನಿ. ಸರಿ, ಹಾಗಾದರೆ ಪೂರ್ತಿ ಪಟ್ಟಿ ಕೊಡಿ ಅಂತ ಕೇಳಿ. 2, 3, 5, 7 ಹೀಗೆ ಕೊನೆಯದರವರೆಗೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಇರುವ ಎಲ್ಲವನ್ನೂ ಗುಣಿಸಿ, ಬಂದದ್ದಕ್ಕೆ 1 ಕೂಡಿಸಿ. ಈ ಹೊಸ ಸಂಖ್ಯೆಯನ್ನು ಪಟ್ಟಿಯ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಆದರೆ 1ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆಯನ್ನು ಒಂದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸಲೇಬೇಕು. ಅದು ಪಟ್ಟಿಯಲ್ಲಿ ಇಲ್ಲ. ಅಂದ ಮೇಲೆ ಪಟ್ಟಿ ಪೂರ್ತಿ ಅಲ್ಲ. ಎಷ್ಟು ಉದ್ದದ ಪಟ್ಟಿ ತಂದರೂ ಇದೇ ಗತಿ. ಎರಡು ಸಾವಿರ ವರ್ಷಕ್ಕೂ ಹಳೆಯದು ಈ ಮಾತು, ಇವತ್ತಿಗೂ ಒಂದು ಅಕ್ಷರ ಬದಲಿಸಬೇಕಾಗಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಆ ಪುಸ್ತಕದಲ್ಲಿ ದುಃಖ ಇದೆ. ಅರವತ್ತು ದಾಟಿದ ಹಾರ್ಡಿ ತನ್ನಿಂದ ಇನ್ನು ಹೊಸ ಗಣಿತ ಆಗುವುದಿಲ್ಲ ಅಂತ ತಿಳಿದು ಬರೆದದ್ದು. ತನ್ನ ಸಂಖ್ಯಾಸಿದ್ಧಾಂತದಿಂದ ಲೋಕಕ್ಕೆ ಯಾವ ಉಪಯೋಗವೂ ಇಲ್ಲ ಅಂತಲೂ ಬರೆಯುತ್ತಾರೆ. ಅವರು ತೀರಿಕೊಂಡು ಮೂವತ್ತು ವರ್ಷಕ್ಕೆ, 1977ರಲ್ಲಿ, ರಿವೆಸ್ಟ್, ಶಮೀರ್, ಏಡಲ್‌ಮನ್ ಅನ್ನುವ ಮೂವರು ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನೇ ಹಿಡಿದು ಗುಪ್ತಲಿಪಿ ಕಟ್ಟಿದರು. ಇಂಟರ್ನೆಟ್ಟಿನ ಸುರಕ್ಷತೆಗೆ ಅದು ಇವತ್ತಿಗೂ ಬಳಕೆಯಲ್ಲಿದೆ.

ಇದಾದ ಮೇಲೆ ಹಸಿವು ಉಳಿದರೆ ಕೂರಂಟ್ ಮತ್ತು ರಾಬಿನ್ಸ್ ಅವರ 'ವಾಟ್ ಈಸ್ ಮ್ಯಾಥಮೆಟಿಕ್ಸ್?' (1941). ಅದು ದಪ್ಪ ಪುಸ್ತಕ, ಮೊದಲಿಂದ ಕೊನೆಗೆ ಓದಲು ಹೋಗಬೇಡಿ. ಸಂಖ್ಯೆಗಳ ಬಗ್ಗೆ ಇರುವ ಮೊದಲ ಭಾಗ ಸಾಕು. ಇಂಥ ಪುಸ್ತಕದಲ್ಲಿ ಒಂದು ದಿನಕ್ಕೆ ಅರ್ಧ ಪುಟ ಆದರೂ ಅದು ಓದೇ.

ಅಂಕೋಲೆಯ ಓದುಗ

ಮಾಸ್ತರು ಹೇಳಿದ್ದು ಸರಿ, ಆದರೆ ಕಥೆಯ ಪುಸ್ತಕಗಳ ಪರವಾಗಿ ಯಾರಾದರೂ ಮಾತಾಡಬೇಕಲ್ಲ. ಕೋಡಿಬಾಗದ ಅಕ್ಕ ಆ ಅನುಬಂಧದವರೆಗೆ ಹೋದದ್ದು ಯಾಕೆ? ಕಥೆ ಅಲ್ಲಿಯವರೆಗೆ ಕರೆದುಕೊಂಡು ಹೋಯಿತು. ಸುಮ್ನೆ ಸಾಧನೆಗಳನ್ನಷ್ಟೇ ಅಚ್ಚು ಹಾಕಿ ಕೊಟ್ಟಿದ್ದರೆ ಎಷ್ಟು ಜನ ಮುಟ್ಟುತ್ತಿದ್ದರು? ನಾನು ಕಾಲೇಜು ಹುಡುಗರಿಗೆ ಪಾಠ ಮಾಡುವವನು. ಗಣಿತ ಅಂದ್ರೆ ಮಾರು ದೂರ ಹೋಗುವವರು ಕೂಡ ರಾಮಾನುಜನ್ ಕಥೆ ಅಂದರೆ ಕೂತು ಕೇಳುತ್ತಾರೆ.

ಅದಕ್ಕೆ ರಾಬರ್ಟ್ ಕನಿಗೆಲ್ ಅವರ 'ದ ಮ್ಯಾನ್ ಹೂ ನ್ಯೂ ಇನ್ಫಿನಿಟಿ' (1991) ಓದಿ ಅಂತ ನನ್ನ ಸಲಹೆ. ಸಿನಿಮಾ ನೋಡಿದ್ದೇನೆ, ಸಾಕು ಅನ್ನಬೇಡಿ. ಕುಂಭಕೋಣದ ಮನೆ, ಜಗಲಿ, ಸ್ಲೇಟು, ಊಟದ ಕಷ್ಟ, ಇದನ್ನೆಲ್ಲ ಕನಿಗೆಲ್ ಬಹಳ ತಾಳ್ಮೆಯಿಂದ ಬರೆದಿದ್ದಾರೆ. ಗಣಿತ ಅದರಲ್ಲಿ ಕಡಿಮೆ, ಒಪ್ಪುತ್ತೇನೆ. ಆದರೆ ಒಂದು ವಿಷಯ ಅಲ್ಲಿಂದ ಎತ್ತಿಕೊಂಡು ನಾವೇ ಕೂತು ಮಾಡಬಹುದು. ಅದೇ ಪಾರ್ಟಿಷನ್, ಅಂದರೆ ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದು ಕೂಡಿಸಬಹುದು ಅನ್ನುವ ಲೆಕ್ಕ.

4 ತಗೊಳ್ಳಿ. 4 ಹಾಗೇ ಇಡಬಹುದು. 3+1. 2+2. 2+1+1. 1+1+1+1. ಒಟ್ಟು 5 ಬಗೆ. 5ಕ್ಕೆ 7 ಬಗೆ ಬರುತ್ತದೆ, ಮಗಳ ಕೈಯಲ್ಲಿ ಹುಣಸೆ ಬೀಜ ಕೊಟ್ಟು ಮಾಡಿಸಿ ನೋಡಿ. ಎಷ್ಟು ಸುಲಭ ಅನಿಸುತ್ತದಲ್ವಾ? 100ಕ್ಕೆ ಎಷ್ಟು ಗೊತ್ತಾ? 19,05,69,292. ಹತ್ತೊಂಬತ್ತು ಕೋಟಿಗೂ ಜಾಸ್ತಿ! ಇದಕ್ಕೆ ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಸೂತ್ರ ಕೊಟ್ಟರು. ಮ್ಯಾಕ್‌ಮಹೋನ್ ಎಂಬವರು 200ರವರೆಗೆ ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದ್ದರು. ಆ ಪಟ್ಟಿ ನೋಡಿ ರಾಮಾನುಜನ್ ಕಂಡದ್ದು ಇನ್ನೊಂದು. 4ಕ್ಕೆ 5, 9ಕ್ಕೆ 30, 14ಕ್ಕೆ 135. ಕೊನೆಯಲ್ಲಿ 4 ಅಥವಾ 9 ಇರುವ ಯಾವ ಸಂಖ್ಯೆ ಹಿಡಿದರೂ ಬರುವ ಉತ್ತರ 5ರಿಂದ ಭಾಗವಾಗುತ್ತದೆ. ಎಲ್ಲರ ಮುಂದೆಯೂ ಇದ್ದ ಪಟ್ಟಿ ಅದು, ಕಂಡದ್ದು ಅವರಿಗೆ. ಕಣ್ಣಿಗೆ ಬಿದ್ದದ್ದನ್ನು ಸಾಧಿಸಿಯೂ ತೋರಿಸಿದರು.

ಇಷ್ಟನ್ನು ಮಾಡಿ ನೋಡಿದ ಮೇಲೆ ಅದೇ ಜೀವನಚರಿತ್ರೆ ಓದಿದರೆ ಬೇರೆಯೇ ಥರ ಓದಿಸಿಕೊಳ್ಳುತ್ತದೆ. ಹಾಗಾಗಿ ಕಥೆ ಬೇಡ ಅನ್ನಬೇಡಿ, ಕಥೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅನ್ನುತ್ತೇನೆ.

ಕೋಡಿಬಾಗದವಳು, ಕಾರವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರೆ, ನೀವು ಹೇಳಿದ ಯೂಕ್ಲಿಡ್ ಲೆಕ್ಕ ಮಾಡುತ್ತಾ ಕೂತೆ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 2×3+1 ಅಂದರೆ 7, ಅವಿಭಾಜ್ಯ. 2×3×5+1 ಅಂದರೆ 31, ಅವಿಭಾಜ್ಯ. ಮುಂದೆ 7 ಸೇರಿಸಿದರೆ 211, ಅದೂ ಅವಿಭಾಜ್ಯ. 11 ಸೇರಿಸಿದರೆ 2311. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಅದೂ ಅವಿಭಾಜ್ಯವೇ. ಹಾಗಾದರೆ ಹೀಗೆ ಗುಣಿಸಿ 1 ಕೂಡಿಸಿದಾಗ ಯಾವಾಗಲೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆಯಾ? ನೀವು ಮಾತ್ರ ಹಾಗೆ ಹೇಳಲಿಲ್ಲ, ಒಂದಾದರೂ ಭಾಗಿಸುತ್ತದೆ ಅಂತ ಸುತ್ತು ಹಾಕಿ ಹೇಳಿದ್ದೀರಿ. ಯಾಕೆ?

ಶಿರಸಿ ಮಾಸ್ತರು

ಭಲೇ! ಇಲ್ಲಿ ನಿಂತು ಕೇಳುವವರು ಕಡಿಮೆ. ಮುಂದಿನದನ್ನೂ ಮಾಡಿ ನೋಡಿ. 13 ಸೇರಿಸಿದರೆ 30031 ಬರುತ್ತದೆ. ಪಟ್ಟಿಯಲ್ಲಿ ಇರುವ 2, 3, 5, 7, 11, 13 ಇದನ್ನು ಭಾಗಿಸುವುದಿಲ್ಲ, ಅದು ಖಾತ್ರಿ. 17ರಿಂದ ಶುರು ಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋಗಿ. 17, 19, 23 ಹೀಗೆ 53ರವರೆಗೂ ಏನೂ ಸಿಗುವುದಿಲ್ಲ. 59ಕ್ಕೆ ಬಂದಾಗ ಸಿಗುತ್ತದೆ: 59×509 = 30031.

ಅಂದರೆ ಹೊಸ ಸಂಖ್ಯೆ ಸ್ವತಃ ಅವಿಭಾಜ್ಯ ಆಗಲೇಬೇಕು ಅಂತ ಇಲ್ಲ. ಆದರೆ ಒಡೆದರೆ ಒಳಗೆ ಸಿಗುವ 59, 509 ಎರಡೂ ನಮ್ಮ ಪಟ್ಟಿಯಲ್ಲಿ ಇಲ್ಲದವು. ಯೂಕ್ಲಿಡ್‌ನಿಗೆ ಬೇಕಾದದ್ದು ಅಷ್ಟೇ. ಆ ಸುತ್ತು ಇರುವುದು ಇದಕ್ಕಾಗಿ. ನಾಲ್ಕು ಸಲ ಸರಿ ಬಂತು ಅಂತ ಐದನೆಯ ಸಲವೂ ಬರುತ್ತದೆ ಅಂತ ಗಣಿತದಲ್ಲಿ ಹೇಳುವ ಹಾಗಿಲ್ಲ. ಎಷ್ಟೋ ಜನಪ್ರಿಯ ಪುಸ್ತಕಗಳಲ್ಲಿ ಇದನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಪುಸ್ತಕ ಕೊಳ್ಳುವ ಮೊದಲು ಯೂಕ್ಲಿಡ್‌ನ ಈ ಭಾಗ ಅದರಲ್ಲಿ ಇದ್ದರೆ ತೆರೆದು ನೋಡಿ. ಲೇಖಕರು ಇಲ್ಲಿ ನಿಧಾನ ಮಾಡಿದ್ದರೆ ಉಳಿದ ಕಡೆಯೂ ನಿಮ್ಮ ಕೈ ಹಿಡಿದುಕೊಂಡೇ ಹೋಗುತ್ತಾರೆ ಅನ್ನುವುದು ನನ್ನ ಅನುಭವ.

ಕುಮಟೆ ಅಕ್ಕೋರು

ಎಂಟನೆಯ ತರಗತಿಯ ಮಗಳಿಗೆ ನಾನು ಹೇಳುತ್ತೇನೆ. ಹಾನ್ಸ್ ಮ್ಯಾಗ್ನಸ್ ಎನ್‌ಜೆನ್ಸ್‌ಬರ್ಗರ್ ಬರೆದ 'ದ ನಂಬರ್ ಡೆವಿಲ್'. ಅವರು ಜರ್ಮನ್ ಕವಿ, ಪುಸ್ತಕ ಬಂದದ್ದು 1997ರಲ್ಲಿ. ಗಣಿತದ ಪಾಠ ಕಂಡರಾಗದ ರಾಬರ್ಟ್ ಅನ್ನುವ ಹುಡುಗನ ಕನಸಿನಲ್ಲಿ ಒಂದು ಸಂಖ್ಯಾಭೂತ ಬರುತ್ತದೆ. 12 ರಾತ್ರಿ, 12 ಕನಸು. ಸೊನ್ನೆಯಿಂದ ಹಿಡಿದು ಪಾಸ್ಕಲ್ ತ್ರಿಕೋನದವರೆಗೆ ಎಲ್ಲ ಬರುತ್ತದೆ. ಚಿತ್ರಗಳು ತುಂಬಾ ಚೆಂದ. ನಿಮ್ಮ ಮಗಳು ಕನ್ನಡ ಮಾಧ್ಯಮದವಳಾಗಿದ್ದರೆ ಅಕ್ಕ, ನೀವು ಓದಿ ಹೇಳಿ. ದಿನಕ್ಕೆ ಒಂದು ಕನಸು. ನಮ್ಮ ಶಾಲೆಯ ಮಕ್ಕಳಿಗೆ ನಾನು ಹಾಗೇ ಹೇಳಿದ್ದು.

ಇನ್ನೊಂದು ಯಾಕೊವ್ ಪೆರೆಲ್ಮನ್ ಅವರ 'ಮ್ಯಾಥಮೆಟಿಕ್ಸ್ ಕ್ಯಾನ್ ಬಿ ಫನ್'. ಸೋವಿಯತ್ ಕಾಲದಲ್ಲಿ ಮಾಸ್ಕೋದಿಂದ ಬರುತ್ತಿದ್ದ ಗಟ್ಟಿ ರಟ್ಟಿನ, ಕಡಿಮೆ ಬೆಲೆಯ ಪುಸ್ತಕಗಳು ಕೆಲವರಿಗಾದರೂ ನೆನಪಿರಬಹುದು. ಹಳೆ ಮನೆಗಳ ಕಪಾಟಿನಲ್ಲಿ ಈಗಲೂ ಸಿಗುತ್ತವೆ, ಹುಡುಕಿ ನೋಡಿ. ಪೆರೆಲ್ಮನ್ ಲೆನಿನ್‌ಗ್ರಾಡ್ ಮುತ್ತಿಗೆಯ ಸಮಯದಲ್ಲಿ, 1942ರಲ್ಲಿ, ಊಟವಿಲ್ಲದೆ ತೀರಿಕೊಂಡರು. ಅವರ ಪುಸ್ತಕ ಓದಿ ಗಣಿತದ ಕಡೆ ತಿರುಗಿದವರು ಎಷ್ಟು ದೇಶದಲ್ಲಿ ಇದ್ದಾರೋ. (ಪ್ವಾಂಕರೆ ಊಹೆ ಬಿಡಿಸಿ ಹತ್ತು ಲಕ್ಷ ಡಾಲರ್ ಬೇಡ ಅಂದ ಪೆರೆಲ್ಮನ್ ಬೇರೆ, ಅವರು ಗ್ರಿಗೊರಿ.)

ಪುಸ್ತಕ ಬರುವವರೆಗೆ ಮಗಳಿಗೆ ಇದನ್ನು ಕೊಡಿ. ನಾಲ್ಕು ಅಂಕಿಯ ಒಂದು ಸಂಖ್ಯೆ ಬರೆಯಲಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. 3524 ಅನ್ನಿ. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಅದರಿಂದ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಬೇಕು. 5432−2345 = 3087. ಇದಕ್ಕೂ ಹಾಗೇ. 8730−0378 = 8352. ಮತ್ತೆ 8532−2358 = 6174. ಇನ್ನೊಂದು ಸಲ ಮಾಡಿ, 7641−1467 = 6174. ಅಲ್ಲೇ ನಿಂತಿತು. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲದಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. ಇದನ್ನು ಕಂಡುಹಿಡಿದವರು ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮಾಸ್ತರು, ಡಿ.ಆರ್. ಕಾಪ್ರೇಕರ್. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್'ನ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ಒಬ್ಬ ಶಾಲಾ ಮಾಸ್ತರು ಪ್ರೀತಿಗಾಗಿ ಸಂಖ್ಯೆಗಳ ಜೊತೆ ಜೀವನ ಕಳೆದದ್ದು ನನಗೆ ದೊಡ್ಡ ವಿಷಯ. ಮಕ್ಕಳಿಗೆ ಅವರ ಹೆಸರು ಹೇಳಿಯೇ ಈ ಲೆಕ್ಕ ಕೊಡುತ್ತೇನೆ.

ಗಾರ್ಡ್ನರ್ ಅವರ ಅಂಕಣಗಳೂ ಪುಸ್ತಕವಾಗಿ ಬಂದಿವೆ. ಅವರು ಓದಿದ್ದು ತತ್ತ್ವಶಾಸ್ತ್ರ, ಗಣಿತದ ಡಿಗ್ರಿ ಇರಲಿಲ್ಲ. ತನಗೆ ಅರ್ಥವಾದ ಮೇಲೇ ಬರೆಯುತ್ತಿದ್ದರು. ಹಾಗಾಗಿ ನಮಗೂ ಅರ್ಥವಾಗುತ್ತದೆ.

ಹೊನ್ನಾವರದಿಂದ

ಬೇಗ ಗುಣಿಸುವ ಉಪಾಯದ ಪುಸ್ತಕ ಬೇಡ ಅಂದಿದ್ದೀರಿ. ಮನೆಯಲ್ಲಿ ಈಗಾಗಲೇ ಇದ್ದರೆ ರದ್ದಿಗೆ ಹಾಕಬೇಡಿ. ಪ್ರತಿ ಉಪಾಯದ ಮುಂದೆ 'ಯಾಕೆ' ಅಂತ ಕೇಳಿ. 97×96 ಮಾಡಲು 100ಕ್ಕೆ ಎಷ್ಟು ಕಡಿಮೆ ನೋಡು, 3 ಮತ್ತು 4. 100ರಿಂದ 7 ಕಳೆದರೆ 93, 3×4 ಅಂದರೆ 12, ಉತ್ತರ 9312 ಅನ್ನುತ್ತಾರೆ. ಸರಿಯೇ ಇದೆ. ಯಾಕೆ ಸರಿ? (100−ಅ)(100−ಆ) ಬಿಡಿಸಿದರೆ 100×(100−ಅ−ಆ) + ಅ×ಆ ಬರುತ್ತದೆ. ಎಂಟನೆಯ ತರಗತಿಯ ಬೀಜಗಣಿತ ಇಷ್ಟಕ್ಕೆ ಸಾಕು. ಪುಸ್ತಕದಲ್ಲಿ ಇಲ್ಲದ ಸಾಧನೆಯನ್ನು ಮಗಳು ತಾನೇ ಬರೆದ ಹಾಗಾಯಿತು.

ಬನವಾಸಿ ಸೀಮೆಯವ

ಇಷ್ಟೊತ್ತು ಯಾರೂ ಮಹಾವೀರಾಚಾರ್ಯನ ಹೆಸರು ಎತ್ತಲಿಲ್ಲವಲ್ಲ ಮಾರಾಯ್ರೆ! ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ 'ಗಣಿತಸಾರಸಂಗ್ರಹ' ಬರೆದವನು. ಆಗ ನಮ್ಮ ಬನವಾಸಿ ನಾಡು ಅಮೋಘವರ್ಷನ ದಂಡನಾಯಕ ಬಂಕೇಶನ ಕೈಯಲ್ಲಿತ್ತು. ಪುಸ್ತಕ ಸಂಸ್ಕೃತದಲ್ಲಿದೆ, ಕನ್ನಡ ಅನುವಾದವೂ ಬಂದಿದೆ. ಇದನ್ನು ಜನಪ್ರಿಯ ಗಣಿತ ಅನ್ನಬಹುದಾ ಅಂತ ಕೇಳಿದರೆ ನಾನು ಹೌದು ಅನ್ನುತ್ತೇನೆ. ಲೆಕ್ಕಗಳಲ್ಲಿ ದುಂಬಿಗಳು, ಆನೆ ಹಿಂಡು, ಹರಿದ ಮುತ್ತಿನ ಹಾರ ಎಲ್ಲ ಬರುತ್ತವೆ. ಓದುವವನಿಗೆ ಬೇಸರ ಆಗಬಾರದು ಅನ್ನುವ ಕಾಳಜಿ ಸಾವಿರ ವರ್ಷದ ಹಿಂದಿನ ಆ ಮನುಷ್ಯನಿಗೆ ಇತ್ತು.

ನನಗೆ ಅದರಲ್ಲಿ ಇಷ್ಟ ಹಾರದಂಥ ಸಂಖ್ಯೆಗಳು. ಗುಣಾಕಾರ ಕಲಿಸುವಾಗಲೇ ಕೊಡುತ್ತಾನೆ. 139×109 = 15151. 152207×73 = 11111111. 27994681×441 = 12345654321. ಯಾವ ಕಡೆಯಿಂದ ಓದಿದರೂ ಒಂದೇ, ಕೊರಳಿಗೆ ಹಾಕುವ ಸರದ ಹಾಗೆ. ಕೊನೆಯದು ಯಾಕೆ ಹಾಗೆ ಬಂತು ಅಂತ ಹುಡುಕಲು ಹೋಗಿ ಅದು 111111ರ ವರ್ಗ ಅಂತ ಗೊತ್ತಾದಾಗ ಆದ ಸಂತೋಷ ಹೇಳತೀರದು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಅವನು ಸ್ಪಷ್ಟವಾಗಿ ಹೇಳಿದ್ದಾನೆ.

ಕನ್ನಡದಲ್ಲೇ ಬರೆದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. 'ವ್ಯವಹಾರಗಣಿತ' ಅವನದು. ಕನ್ನಡದಲ್ಲಿ ಗಣಿತ ಬರೆಯಲು ಆಗುವುದಿಲ್ಲ ಅನ್ನುವವರಿಗೆ ನಾನು ಅವನ ಹೆಸರು ಹೇಳುತ್ತೇನೆ. ನಮ್ಮ ಕಾಲದಲ್ಲಿ ಜಿ.ಟಿ. ನಾರಾಯಣ ರಾವ್ ಇದ್ದರು, ಗಣಿತದ ಮೇಷ್ಟ್ರು, ವಿಜ್ಞಾನವನ್ನು ಕನ್ನಡದಲ್ಲಿ ಎಷ್ಟು ಬರೆದರು! ಆದರೆ ಅಕ್ಕ ಕೇಳಿದಂಥ, ಸಾಧನೆಯನ್ನು ಸಾಲು ಸಾಲಾಗಿ ಬಿಡಿಸಿ ಹೇಳುವ ಪುಸ್ತಕಗಳು ಕನ್ನಡದಲ್ಲಿ ಸಾಲದು. ಮಾಸ್ತರೆ, ನೀವು ಮೇಲೆ ಬರೆದ ಯೂಕ್ಲಿಡ್ ಮತ್ತು 30031ರ ಭಾಗ ಇದೆಯಲ್ಲ, ಅಂಥವನ್ನೇ ಬರೆದು ಒಂದು ಪುಸ್ತಕ ಮಾಡಿ. ಅಚ್ಚು ಹಾಕಿಸಲು ಓಡಾಡುವ ಕೆಲಸ ನನ್ನದು.

ಬೈತಖೋಲದವ, ಕಾರವಾರ

ನಮ್ಮೂರಿನವರೇ ಕೇಳಿದ್ದಾರೆ ಅಂತ ನಾನೂ ಒಂದು ಸೇರಿಸುತ್ತೇನೆ. ಸ್ಟೀವನ್ ಸ್ಟ್ರೋಗಾಟ್ಸ್ ಅವರ 'ಇನ್ಫಿನಿಟ್ ಪವರ್ಸ್', 2019ರದ್ದು. ಕ್ಯಾಲ್ಕುಲಸ್ ಎಲ್ಲಿಂದ ಬಂತು, ಯಾತಕ್ಕೆ ಅಂತ ಆರ್ಕಿಮಿಡೀಸ್‌ನಿಂದ ಶುರು ಮಾಡಿ ಹೇಳುತ್ತಾರೆ. ಮಾಸ್ತರು ಹೇಳಿದ ಪುಸ್ತಕಗಳಷ್ಟು ಬಿಗಿ ಇಲ್ಲ. ಆದರೆ ಅಲೆಗಳನ್ನು ಕೂಡಿಸುವುದರ ಬಗ್ಗೆ ಒಂದು ಅಧ್ಯಾಯ ಇದೆ, ಅದಕ್ಕಾಗಿಯೇ ಪುಸ್ತಕ ಕೊಳ್ಳಬಹುದು. ಎಂಥ ಏರಿಳಿತವನ್ನೂ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು ಅನ್ನುವ ಫೂರಿಯೇ ಅವರ ವಿಚಾರ.

ಅದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಬಂದರಿನ ಉಬ್ಬರ ಇಳಿತ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಜೋರಾಗಿ ಏರುತ್ತದೆ, ಅಷ್ಟಮಿಯ ಹೊತ್ತಿಗೆ ಮಂದವಾಗುತ್ತದೆ. ಇದು ಬಲೆ ಹಾಕುವವರಿಗೆಲ್ಲ ಗೊತ್ತು. ಲೆಕ್ಕ ಹೀಗೆ. ಸೂರ್ಯ ಎಬ್ಬಿಸುವ ಉಬ್ಬರ 12 ಗಂಟೆಗೆ ಒಂದು. ಚಂದ್ರನದು ಸುಮಾರು 12 ಗಂಟೆ 25 ನಿಮಿಷಕ್ಕೆ ಒಂದು. ಅಂದರೆ ಚಂದ್ರನ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದೆ. ಇವತ್ತು ಎರಡೂ ಒಟ್ಟಿಗೆ ಇದ್ದರೆ ನೀರು ಜಾಸ್ತಿ. ವಾರದಲ್ಲಿ ಆರು ಗಂಟೆಯಷ್ಟು ಹಿಂದೆ ಬಿದ್ದು ಒಂದರ ಉಬ್ಬರಕ್ಕೆ ಇನ್ನೊಂದರ ಇಳಿತ ಎದುರಾಗುತ್ತದೆ, ನೀರು ಮಂದ. ಹದಿನೈದು ದಿನದ ಹತ್ತಿರ ಮತ್ತೆ ಎರಡೂ ಕೂಡುತ್ತವೆ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಸರಿಯಾಗಿ ಅಷ್ಟೇ ದಿನ!

ಇಂಥ ಇನ್ನೂ ಹಲವು ಅಲೆಗಳನ್ನು ಕೂಡಿಸಿದರೆ ಬಂದರಿನ ಉಬ್ಬರದ ವೇಳಾಪಟ್ಟಿ ತಯಾರಾಗುತ್ತದೆ. 1870ರ ದಶಕದಲ್ಲಿ ಕೆಲ್ವಿನ್ ಹಲ್ಲುಚಕ್ರ ಮತ್ತು ರಾಟೆಗಳ ಯಂತ್ರ ಕಟ್ಟಿ ಈ ಕೂಡುವ ಕೆಲಸ ಅದರಿಂದಲೇ ಮಾಡಿಸಿದರು. ಅಕ್ಕ, ನೀವು ದಿನಾ ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುವವರು, ಸ್ಪ್ರೆಡ್‌ಶೀಟಿನಲ್ಲಿ ಎರಡು ಕಾಲಂ ಸಾಕು. ಒಂದರಲ್ಲಿ 12 ಗಂಟೆಯ ಸೈನ್ ಅಲೆ, ಇನ್ನೊಂದರಲ್ಲಿ 12 ಗಂಟೆ 25 ನಿಮಿಷದ್ದು. ಚಂದ್ರನದನ್ನು ಸೂರ್ಯನದರ ಎರಡರಷ್ಟು ಎತ್ತರ ಇಡಿ, ಸುಮಾರಾಗಿ ಅಷ್ಟಿರುತ್ತದೆ. ಕೂಡಿಸಿ ಒಂದು ತಿಂಗಳ ಗ್ರಾಫ್ ತೆಗೆದು ಪಂಚಾಂಗದ ಪಕ್ಕ ಇಡಿ. ಬೇಕಾದರೆ ನನ್ನ ಫೈಲನ್ನೇ ಇಲ್ಲಿ ಹಾಕುತ್ತೇನೆ.